ತ್ರಿಭುಜದ ಕೇಂದ್ರಗಳು: ನಿರ್ದೇಶಾಂಕಗಳ ಮೂಲಕ ಕಂಡುಹಿಡಿಯುವ ಬಗೆ

ಬೆಂಗಳೂರು, ಮಂಗಳೂರು ಮತ್ತು ಕಲಬುರಗಿ ನಗರಗಳನ್ನು ಭೂಪಟದ ಮೇಲೆ ಮೂರು ಸರಳರೇಖೆಗಳಿಂದ ಜೋಡಿಸಿದರೆ ಒಂದು ದೊಡ್ಡ ತ್ರಿಭುಜ ದೊರೆಯುತ್ತದೆ. ಆ ತ್ರಿಭುಜದ ನಟ್ಟನಡುವೆ ಇರುವ ಸ್ಥಳ ಯಾವುದು ಎಂದು ಕೇಳಿದರೆ ಗಣಿತವು ಒಂದೇ ಉತ್ತರ ಕೊಡುವುದಿಲ್ಲ. ಒಂದು ಲೆಕ್ಕದ ಪ್ರಕಾರ ಅದು ಚಿತ್ರದುರ್ಗದ ಸಮೀಪದಲ್ಲಿದೆ. ಇನ್ನೊಂದರ ಪ್ರಕಾರ ಅಲ್ಲಿಂದ ಸುಮಾರು 70 ಕಿ.ಮೀ. ದೂರದಲ್ಲಿ, ಹಗರಿಬೊಮ್ಮನಹಳ್ಳಿಯ ಆಸುಪಾಸಿನಲ್ಲಿದೆ. ಮೂರನೆಯ ಲೆಕ್ಕ ವಾಣಿವಿಲಾಸ ಸಾಗರದತ್ತ ಬೆರಳು ತೋರಿದರೆ, ನಾಲ್ಕನೆಯದು ತುಮಕೂರಿನ ಬದಿಗೆ ಬಂದು ನಿಲ್ಲುತ್ತದೆ. ನಾಲ್ಕು ಉತ್ತರಗಳೂ ಸರಿಯೇ. ಏಕೆಂದರೆ ಪ್ರತಿಯೊಂದು ಉತ್ತರವೂ ಬೇರೆ ಬೇರೆ ಪ್ರಶ್ನೆಗೆ ಸಂಬಂಧಿಸಿದುದಾಗಿದೆ.

ವೃತ್ತಕ್ಕೆ ಒಂದೇ ಕೇಂದ್ರ. ಆಯತಕ್ಕೂ ಕರ್ಣಗಳು ಕೂಡುವ ಒಂದು ಬಿಂದು ಸಾಕು. ತ್ರಿಭುಜದ ವಿಷಯ ಹಾಗಲ್ಲ. ಗುರುತ್ವ ಕೇಂದ್ರ, ಪರಿಕೇಂದ್ರ, ಅಂತಃಕೇಂದ್ರ ಮತ್ತು ಲಂಬಕೇಂದ್ರ ಎಂಬ ನಾಲ್ಕು ಕೇಂದ್ರಗಳು ಶಾಲೆಯ ರೇಖಾಗಣಿತದಲ್ಲೇ ಬರುತ್ತವೆ. ಅಳತೆಪಟ್ಟಿ ಮತ್ತು ಕೈವಾರ ಹಿಡಿದು ಅವುಗಳನ್ನು ಕಾಗದದ ಮೇಲೆ ಗುರುತಿಸಬಹುದು. ಆದರೆ ಮೂರು ಶೃಂಗಗಳ ನಿರ್ದೇಶಾಂಕಗಳು ತಿಳಿದಿದ್ದರೆ ಚಿತ್ರವನ್ನೇ ಬರೆಯದೆ, ಕೇವಲ ಲೆಕ್ಕದಿಂದ ಅವುಗಳ ನಿಖರ ಸ್ಥಾನವನ್ನು ಹೇಳಲು ಸಾಧ್ಯ.

ಬಿಂದುವಿಗೊಂದು ವಿಳಾಸ

ಸಮತಲದ ಮೇಲಿನ ಪ್ರತಿಯೊಂದು ಬಿಂದುವಿಗೂ ಎರಡು ಸಂಖ್ಯೆಗಳ ವಿಳಾಸ ಕೊಡುವ ಪದ್ಧತಿಯೇ ನಿರ್ದೇಶಾಂಕ ರೇಖಾಗಣಿತದ ತಳಹದಿ. ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ರೇಖಾಗಣಿತದ ಗ್ರಂಥದಿಂದ ಈ ವಿಧಾನ ಬೇರೂರಿತು. ಅಡ್ಡಲಾಗಿರುವ ಎಕ್ಸ್ ಅಕ್ಷ ಮತ್ತು ನೆಟ್ಟಗಿರುವ ವೈ ಅಕ್ಷ ಮೂಲಬಿಂದುವಿನಲ್ಲಿ ಸಂಧಿಸುತ್ತವೆ. ಅಲ್ಲಿಂದ ಅಡ್ಡಕ್ಕೆ ಎಷ್ಟು, ಮೇಲಕ್ಕೆ ಎಷ್ಟು ಎಂಬ ಎರಡು ಅಳತೆಗಳೇ ಆ ಬಿಂದುವಿನ ನಿರ್ದೇಶಾಂಕಗಳು.

ಕೇಂದ್ರಗಳನ್ನು ಕಂಡುಹಿಡಿಯಲು ಬೇಕಾಗುವ ಸಾಧನಗಳು ಮೂರೇ. ಮೊದಲನೆಯದು ದೂರ ಸೂತ್ರ. ಎರಡು ಬಿಂದುಗಳ ಎಕ್ಸ್ ಬೆಲೆಗಳ ವ್ಯತ್ಯಾಸದ ವರ್ಗಕ್ಕೆ ವೈ ಬೆಲೆಗಳ ವ್ಯತ್ಯಾಸದ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆದರೆ ಅವುಗಳ ನಡುವಿನ ದೂರ ಬರುತ್ತದೆ. ಇದು ಪೈಥಾಗೊರಸ್ ಪ್ರಮೇಯದ ಇನ್ನೊಂದು ರೂಪವಷ್ಟೆ. ಎರಡನೆಯದು ಭಾಗಪ್ರಮಾಣ ಸೂತ್ರ. ಒಂದು ರೇಖಾಖಂಡವನ್ನು ಕೊಟ್ಟ ಅನುಪಾತದಲ್ಲಿ ಭಾಗಿಸುವ ಬಿಂದುವನ್ನು ಅದು ತಿಳಿಸುತ್ತದೆ. ಮಧ್ಯಬಿಂದು ಅದರ ಅತಿ ಸರಳ ರೂಪ. ಇವೆರಡೂ ಹತ್ತನೆಯ ತರಗತಿಯ ಗಣಿತದಲ್ಲಿ ಬರುತ್ತವೆ. ಮೂರನೆಯದು ಇಳಿಜಾರು, ಅಂದರೆ ರೇಖೆಯೊಂದು ಅಡ್ಡಕ್ಕೆ ಸಾಗಿದಷ್ಟಕ್ಕೆ ಎಷ್ಟು ಏರುತ್ತದೆ ಎಂಬ ಪ್ರಮಾಣ. ಪರಸ್ಪರ ಲಂಬವಾಗಿರುವ ಎರಡು ಓರೆ ರೇಖೆಗಳ ಇಳಿಜಾರುಗಳನ್ನು ಗುಣಿಸಿದರೆ ಯಾವಾಗಲೂ –1 ಬರುತ್ತದೆ. ಪದವಿಪೂರ್ವ ತರಗತಿಯಲ್ಲಿ ಕಲಿಸುವ ಈ ಒಂದು ನಿಯಮ ಲಂಬಕೇಂದ್ರಕ್ಕೆ ಬೇಕಾಗುತ್ತದೆ.

ಲೀಲಾವತಿಯ ತ್ರಿಭುಜ

ನಾಲ್ಕೂ ಕೇಂದ್ರಗಳನ್ನು ಒಂದೇ ತ್ರಿಭುಜದಲ್ಲಿ ಕಂಡರೆ ಅವುಗಳ ಭೇದ ಸ್ಪಷ್ಟವಾಗುತ್ತದೆ. ಇದಕ್ಕೆ ಅನುಕೂಲವಾದ ತ್ರಿಭುಜವೊಂದು ಭಾರತೀಯ ಗಣಿತದಲ್ಲಿ ಬಹು ಹಿಂದಿನಿಂದಲೂ ಪ್ರಸಿದ್ಧವಾಗಿದೆ. ಭಾಸ್ಕರಾಚಾರ್ಯರು 1150ರ ಸುಮಾರಿಗೆ ರಚಿಸಿದ ‘ಲೀಲಾವತಿ’ಯಲ್ಲಿ ಭೂಮಿ 14, ಉಳಿದೆರಡು ಭುಜಗಳು 13 ಮತ್ತು 15 ಇರುವ ತ್ರಿಭುಜದ ಲಂಬವೆಷ್ಟು, ಕ್ಷೇತ್ರಫಲವೆಷ್ಟು ಎಂಬ ಲೆಕ್ಕವಿದೆ. ಅಲ್ಲಿ 14 ಎಂಬುದನ್ನು ಮನುಗಳ ಸಂಖ್ಯೆಯಿಂದಲೂ 15 ಎಂಬುದನ್ನು ತಿಥಿಗಳ ಸಂಖ್ಯೆಯಿಂದಲೂ ಸೂಚಿಸಲಾಗಿದೆ.

ಆ ಲೆಕ್ಕದ ಕ್ರಮ ಹೀಗಿದೆ. ಎರಡು ಭುಜಗಳ ಮೊತ್ತ 28. ಅವುಗಳ ವ್ಯತ್ಯಾಸ 2. ಇವುಗಳ ಗುಣಲಬ್ಧ 56ನ್ನು ಭೂಮಿ 14ರಿಂದ ಭಾಗಿಸಿದರೆ 4 ಬರುತ್ತದೆ. ಭೂಮಿಗೆ ಈ 4ನ್ನು ಕೂಡಿಸಿ ಅರ್ಧ ಮಾಡಿದರೆ 9, ಕಳೆದು ಅರ್ಧ ಮಾಡಿದರೆ 5. ಲಂಬವು ಭೂಮಿಯನ್ನು ತುಂಡರಿಸುವ ಎರಡು ಭಾಗಗಳು ಇವೇ. ಇವುಗಳಿಗೆ ‘ಆಬಾಧೆ’ ಎಂದು ಹೆಸರು. 13ರ ವರ್ಗ 169ರಿಂದ 5ರ ವರ್ಗ 25ನ್ನು ಕಳೆದರೆ 144. ಅದರ ವರ್ಗಮೂಲ 12 ಲಂಬದ ಎತ್ತರ. ಕ್ಷೇತ್ರಫಲ 84.

ಇಂದಿನ ವಿದ್ಯಾರ್ಥಿಯ ಕಣ್ಣಿಗೆ ಆಬಾಧೆ ಮತ್ತು ಲಂಬಗಳೆಂದರೆ ಶೃಂಗದ ಎಕ್ಸ್ ಮತ್ತು ವೈ ನಿರ್ದೇಶಾಂಕಗಳೇ. ಭೂಮಿಯ ಎಡತುದಿಯನ್ನು ಮೂಲಬಿಂದುವಿನಲ್ಲಿಟ್ಟರೆ ತ್ರಿಭುಜದ ಶೃಂಗಗಳು ಕ (0, 0), ಖ (14, 0) ಮತ್ತು ಗ (5, 12) ಆಗುತ್ತವೆ. ಕ–ಖ ಬಾಹುವಿನ ಉದ್ದ 14, ಖ–ಗ ಬಾಹುವಿನ ಉದ್ದ 15, ಗ–ಕ ಬಾಹುವಿನ ಉದ್ದ 13. ಮುಂದಿನ ಎಲ್ಲ ಲೆಕ್ಕಗಳಿಗೂ ಇದೇ ತ್ರಿಭುಜವನ್ನು ಬಳಸಲಾಗಿದೆ.

ಗುರುತ್ವ ಕೇಂದ್ರ: ಸರಾಸರಿಯ ಬಿಂದು

ಶೃಂಗವೊಂದರಿಂದ ಎದುರು ಬಾಹುವಿನ ಮಧ್ಯಬಿಂದುವಿಗೆ ಎಳೆದ ರೇಖೆಯೇ ಮಧ್ಯರೇಖೆ. ಮೂರು ಮಧ್ಯರೇಖೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದು ಪ್ರತಿಯೊಂದು ಮಧ್ಯರೇಖೆಯನ್ನೂ ಶೃಂಗದ ಕಡೆಯಿಂದ 2:1 ಅನುಪಾತದಲ್ಲಿ ಭಾಗಿಸುತ್ತದೆ. ಇದೇ ಗುರುತ್ವ ಕೇಂದ್ರ.

ಕ–ಖ ಬಾಹುವಿನ ಮಧ್ಯಬಿಂದು (7, 0). ಗ (5, 12) ಶೃಂಗದಿಂದ ಈ ಬಿಂದುವಿನ ಕಡೆಗೆ ಮೂರನೆ ಎರಡು ಭಾಗ ಸಾಗಿದರೆ ಎಕ್ಸ್ ಬೆಲೆ 19/3, ವೈ ಬೆಲೆ 4. ಇದನ್ನೇ ನೇರವಾಗಿಯೂ ಪಡೆಯಬಹುದು. ಮೂರು ಶೃಂಗಗಳ ಎಕ್ಸ್ ಬೆಲೆಗಳನ್ನು ಕೂಡಿಸಿ 3ರಿಂದ ಭಾಗಿಸಬೇಕು. ವೈ ಬೆಲೆಗಳಿಗೂ ಹಾಗೆಯೇ ಮಾಡಬೇಕು. 0 + 14 + 5 = 19; 0 + 0 + 12 = 12. ಆದ್ದರಿಂದ ಗುರುತ್ವ ಕೇಂದ್ರ (19/3, 4).

ಒಂದೇ ದಪ್ಪದ ರಟ್ಟಿನಿಂದ ತ್ರಿಭುಜವನ್ನು ಕತ್ತರಿಸಿ ಈ ಬಿಂದುವಿನ ಕೆಳಗೆ ಪೆನ್ಸಿಲ್ ತುದಿಯನ್ನು ಇಟ್ಟರೆ ರಟ್ಟು ಬೀಳದೆ ಸಮತೋಲದಲ್ಲಿ ನಿಲ್ಲುತ್ತದೆ. ತ್ರಿಭುಜದ ಭಾರಕೇಂದ್ರ ಮಧ್ಯರೇಖೆಗಳ ಸಂಧಿಯಲ್ಲಿದೆ ಎಂಬುದನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಆರ್ಕಿಮಿಡೀಸ್ ಸಾಧಿಸಿ ತೋರಿಸಿದ್ದನು. ತ್ರಿಭುಜದ ಆಕಾರ ಎಂತಹದೇ ಇರಲಿ, ಗುರುತ್ವ ಕೇಂದ್ರ ಸದಾ ಅದರ ಒಳಗೇ ಇರುತ್ತದೆ.

ಪರಿಕೇಂದ್ರ: ಸಮದೂರದ ಬಿಂದು

ಮೂರು ಶೃಂಗಗಳಿಂದಲೂ ಸಮಾನ ದೂರದಲ್ಲಿರುವ ಬಿಂದು ಪರಿಕೇಂದ್ರ. ಅದನ್ನು ಕೇಂದ್ರವಾಗಿಟ್ಟು ಎಳೆದ ವೃತ್ತ ಮೂರು ಶೃಂಗಗಳ ಮೂಲಕ ಹಾದುಹೋಗುತ್ತದೆ. ರೇಖಾಗಣಿತದ ರಚನೆಯಲ್ಲಿ ಬಾಹುಗಳ ಲಂಬಾರ್ಧಕಗಳನ್ನು ಎಳೆದು ಇದನ್ನು ಪಡೆಯುತ್ತಾರೆ. ನಿರ್ದೇಶಾಂಕಗಳಲ್ಲಿ ‘ದೂರಗಳು ಸಮ’ ಎಂಬ ಮಾತನ್ನೇ ಸಮೀಕರಣವಾಗಿ ಬರೆದರೆ ಸಾಕು.

ಬೇಕಾದ ಬಿಂದು (ಎಕ್ಸ್, ವೈ) ಆಗಿರಲಿ. ಅದು ಕ ಮತ್ತು ಖ ಶೃಂಗಗಳಿಂದ ಸಮದೂರದಲ್ಲಿರಬೇಕಾದರೆ ಎಕ್ಸ್ ವರ್ಗವು (ಎಕ್ಸ್ – 14) ಎಂಬುದರ ವರ್ಗಕ್ಕೆ ಸಮನಾಗಬೇಕು. ಬಿಡಿಸಿದಾಗ ಎರಡೂ ಕಡೆಯ ಎಕ್ಸ್ ವರ್ಗಗಳು ಹೊಡೆದುಹೋಗಿ 28 ಎಕ್ಸ್ = 196, ಅಂದರೆ ಎಕ್ಸ್ = 7 ಎಂದು ಉಳಿಯುತ್ತದೆ. ಅದು ಕ ಮತ್ತು ಗ ಶೃಂಗಗಳಿಂದಲೂ ಸಮದೂರದಲ್ಲಿರಬೇಕು ಎಂಬ ನಿಬಂಧನೆಯಿಂದ ಇದೇ ಕ್ರಮದಲ್ಲಿ 10 ಎಕ್ಸ್ + 24 ವೈ = 169 ಎಂಬ ಸಮೀಕರಣ ದೊರೆಯುತ್ತದೆ. ಎಕ್ಸ್ = 7 ಎಂದು ಆದೇಶಿಸಿದರೆ 24 ವೈ = 99; ವೈ = 33/8. ಪರಿಕೇಂದ್ರ (7, 33/8).

ಮೂಲಬಿಂದುವೇ ಆಗಿರುವ ಕ ಶೃಂಗದಿಂದ ಇದರ ದೂರ 65/8, ಅಂದರೆ 8.125. ಇದು ಪರಿವೃತ್ತದ ತ್ರಿಜ್ಯ. ಬ್ರಹ್ಮಗುಪ್ತನು 628ರಲ್ಲಿ ರಚಿಸಿದ ‘ಬ್ರಾಹ್ಮಸ್ಫುಟ ಸಿದ್ಧಾಂತ’ದಲ್ಲಿ ಈ ತ್ರಿಜ್ಯಕ್ಕೆ ‘ಹೃದಯರಜ್ಜು’ ಎಂಬ ಹೆಸರಿದೆ. ಎರಡು ಭುಜಗಳ ಗುಣಲಬ್ಧವನ್ನು ಲಂಬದ ಎರಡರಷ್ಟರಿಂದ ಭಾಗಿಸಬೇಕೆಂಬುದು ಅಲ್ಲಿನ ನಿಯಮ. 13 ಮತ್ತು 15ರ ಗುಣಲಬ್ಧ 195ನ್ನು 24ರಿಂದ ಭಾಗಿಸಿದರೂ 8.125 ಬರುತ್ತದೆ. ಎರಡು ದಾರಿಗಳಲ್ಲೂ ಉತ್ತರ ಒಂದೇ.

ಒಡೆದ ಬಳೆಯ ಚೂರು ಅಥವಾ ಮಡಕೆಯ ಕಂಠದ ತುಂಡು ಸಿಕ್ಕಾಗ ಮೂಲ ವೃತ್ತ ಎಷ್ಟು ದೊಡ್ಡದಿತ್ತು ಎಂದು ತಿಳಿಯಲು ಇದೇ ಲೆಕ್ಕ ನೆರವಾಗುತ್ತದೆ. ಚೂರಿನ ಅಂಚಿನ ಮೇಲೆ ಮೂರು ಬಿಂದುಗಳನ್ನು ಗುರುತಿಸಿದರೆ ಅವುಗಳ ಪರಿಕೇಂದ್ರವೇ ಇಡೀ ವೃತ್ತದ ಕೇಂದ್ರ.

ಅಂತಃಕೇಂದ್ರ: ಬಾಹುಗಳಿಗೆ ಸಮದೂರ

ಪರಿಕೇಂದ್ರವು ಶೃಂಗಗಳಿಂದ ಸಮದೂರದಲ್ಲಿದ್ದರೆ ಅಂತಃಕೇಂದ್ರವು ಬಾಹುಗಳಿಂದ ಸಮದೂರದಲ್ಲಿರುತ್ತದೆ. ಮೂರು ಕೋನಾರ್ಧಕಗಳು ಕೂಡುವ ಬಿಂದು ಇದು. ತ್ರಿಭುಜದ ಒಳಗೆ ಹಿಡಿಸಬಹುದಾದ ಅತಿ ದೊಡ್ಡ ವೃತ್ತದ ಕೇಂದ್ರವೂ ಇದೇ. ಮೂರು ರಸ್ತೆಗಳ ನಡುವಿನ ತ್ರಿಕೋನಾಕಾರದ ಉದ್ಯಾನದಲ್ಲಿ ಆದಷ್ಟು ದೊಡ್ಡ ವೃತ್ತಾಕಾರದ ಕೊಳವನ್ನು ನಿರ್ಮಿಸಬೇಕಾದರೆ ಅದರ ನಡುಬಿಂದು ಇಲ್ಲಿರಬೇಕು.

ಇದರ ಸೂತ್ರವೂ ಒಂದು ಬಗೆಯ ಸರಾಸರಿಯೇ. ಆದರೆ ಇಲ್ಲಿ ಶೃಂಗಗಳಿಗೆ ಸಮಾನ ತೂಕವಿಲ್ಲ. ಪ್ರತಿಯೊಂದು ಶೃಂಗಕ್ಕೂ ಅದರ ಎದುರು ಬಾಹುವಿನ ಉದ್ದವೇ ತೂಕ. ಕ ಶೃಂಗಕ್ಕೆ 15, ಖ ಶೃಂಗಕ್ಕೆ 13, ಗ ಶೃಂಗಕ್ಕೆ 14. ಈ ತೂಕಗಳಿಂದ ನಿರ್ದೇಶಾಂಕಗಳನ್ನು ಗುಣಿಸಿ, ಕೂಡಿಸಿ, ಪರಿಧಿ 42ರಿಂದ ಭಾಗಿಸಬೇಕು. ಎಕ್ಸ್ ಬೆಲೆಗೆ 15 × 0 + 13 × 14 + 14 × 5 = 252; ಅದನ್ನು 42ರಿಂದ ಭಾಗಿಸಿದರೆ 6. ವೈ ಬೆಲೆಗೆ 14 × 12 = 168; ಅದನ್ನು 42ರಿಂದ ಭಾಗಿಸಿದರೆ 4. ಅಂತಃಕೇಂದ್ರ (6, 4). ಕ–ಖ ಬಾಹು ಎಕ್ಸ್ ಅಕ್ಷದ ಮೇಲೆಯೇ ಇರುವುದರಿಂದ ಅದರಿಂದ ಈ ಬಿಂದುವಿನ ದೂರ 4. ಒಳವೃತ್ತದ ತ್ರಿಜ್ಯವೂ ಅಷ್ಟೇ.

ಎದುರು ಬಾಹು ಏಕೆ ತೂಕವಾಗುತ್ತದೆ? ಕೋನಾರ್ಧಕವು ಎದುರು ಬಾಹುವನ್ನು ಪಕ್ಕದ ಎರಡು ಬಾಹುಗಳ ಅನುಪಾತದಲ್ಲಿ ಭಾಗಿಸುತ್ತದೆ. ಗ ಶೃಂಗದ ಕೋನಾರ್ಧಕ ಕ–ಖ ಬಾಹುವನ್ನು 13:15 ಅನುಪಾತದಲ್ಲಿ ತುಂಡರಿಸಿ (6.5, 0) ಬಿಂದುವಿನಲ್ಲಿ ಸೇರುತ್ತದೆ. ಆ ಕೋನಾರ್ಧಕದ ಮೇಲೆ ಅಂತಃಕೇಂದ್ರವು 28:14, ಅಂದರೆ 2:1 ಅನುಪಾತದಲ್ಲಿದೆ. ಭಾಗಪ್ರಮಾಣ ಸೂತ್ರವನ್ನು ಎರಡು ಬಾರಿ ಬಳಸಿದರೆ ಮೇಲಿನ ತೂಕಗಳು ತಾವಾಗಿಯೇ ಹೊರಬರುತ್ತವೆ.

ಒಳವೃತ್ತದ ಲೆಕ್ಕಕ್ಕೆ ಕನ್ನಡ ನಾಡಿನ ನಂಟೂ ಇದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರಫಲವನ್ನು ಪರಿಧಿಯ ಕಾಲು ಭಾಗದಿಂದ ಭಾಗಿಸಿದರೆ ಒಳವೃತ್ತದ ವ್ಯಾಸ ಬರುತ್ತದೆ ಎಂಬ ನಿಯಮವಿದೆ. ಇಲ್ಲಿ ಕ್ಷೇತ್ರಫಲ 84. ಪರಿಧಿಯ ಕಾಲು ಭಾಗ 10.5, ಭಾಗಲಬ್ಧ 8. ತ್ರಿಜ್ಯ 4 ಎಂಬ ಉತ್ತರಕ್ಕೆ ಇದು ಹೊಂದುತ್ತದೆ.

ಬಾಹುಗಳನ್ನು ಹೊರಕ್ಕೆ ಚಾಚಿದಾಗ ತ್ರಿಭುಜದ ಹೊರಗಿನಿಂದ ಅವುಗಳನ್ನು ಸ್ಪರ್ಶಿಸುವ ಮೂರು ವೃತ್ತಗಳೂ ಇವೆ. ಅವುಗಳ ಕೇಂದ್ರಗಳಿಗೆ ಬಾಹ್ಯಕೇಂದ್ರಗಳೆಂದು ಹೆಸರು. ಅಂತಃಕೇಂದ್ರದ ಸೂತ್ರದಲ್ಲಿ ಒಂದು ತೂಕದ ಚಿಹ್ನೆಯನ್ನು ಋಣವಾಗಿ ಬದಲಿಸಿ, ತೂಕಗಳ ಹೊಸ ಮೊತ್ತದಿಂದ ಭಾಗಿಸಿದರೆ ಅವು ದೊರೆಯುತ್ತವೆ. ಈ ತ್ರಿಭುಜದಲ್ಲಿ ಅವು (21, 14), (–7, 10.5) ಮತ್ತು (8, –12).

ಲಂಬಕೇಂದ್ರ: ಎತ್ತರಗಳ ಸಂಧಿ

ಪ್ರತಿ ಶೃಂಗದಿಂದ ಎದುರು ಬಾಹುವಿಗೆ ಎಳೆದ ಲಂಬಗಳು ಕೂಡುವ ಬಿಂದು ಲಂಬಕೇಂದ್ರ. ಕ–ಖ ಬಾಹು ಅಡ್ಡಲಾಗಿರುವುದರಿಂದ ಗ ಶೃಂಗದಿಂದ ಎಳೆದ ಲಂಬ ನೆಟ್ಟಗೆ ಇಳಿಯುತ್ತದೆ; ಅದರ ಸಮೀಕರಣ ಎಕ್ಸ್ = 5. ಖ–ಗ ಬಾಹುವಿನ ಇಳಿಜಾರು –4/3. ಅದಕ್ಕೆ ಲಂಬವಾದ ರೇಖೆಯ ಇಳಿಜಾರು 3/4. ಈ ರೇಖೆ ಮೂಲಬಿಂದುವಾದ ಕ ಶೃಂಗದ ಮೂಲಕ ಹೋಗುವುದರಿಂದ ಅದರ ಸಮೀಕರಣ ವೈ = 3/4 ಎಕ್ಸ್. ಎಕ್ಸ್ = 5 ಎಂದಿಟ್ಟರೆ ವೈ = 15/4. ಲಂಬಕೇಂದ್ರ (5, 15/4).

ಮೂರನೆಯ ಲಂಬವನ್ನು ಎಳೆಯುವ ಅಗತ್ಯವಿಲ್ಲ. ಆದರೂ ತಾಳೆ ನೋಡಲು ಅದು ಉಪಯುಕ್ತ. ಗ–ಕ ಬಾಹುವಿನ ಇಳಿಜಾರು 12/5. ಖ ಶೃಂಗದಿಂದ ಬರುವ ಲಂಬದ ಇಳಿಜಾರು –5/12. (14, 0) ಬಿಂದುವಿನಿಂದ (5, 15/4) ಬಿಂದುವಿಗೆ ಹೋಗುವ ರೇಖೆಯ ಇಳಿಜಾರೂ ಅಷ್ಟೇ ಇದೆ.

ಲಂಬಕೋನ ತ್ರಿಭುಜದಲ್ಲಿ ಲಂಬಕೇಂದ್ರವು ಲಂಬಕೋನದ ಶೃಂಗದಲ್ಲೇ ಇರುತ್ತದೆ; ಪರಿಕೇಂದ್ರವು ವಿಕರ್ಣದ ಮಧ್ಯಬಿಂದುವಿನಲ್ಲಿರುತ್ತದೆ. ವಿಶಾಲಕೋನ ತ್ರಿಭುಜದಲ್ಲಿ ಇವೆರಡೂ ತ್ರಿಭುಜದಿಂದ ಹೊರಗೆ ಹೋಗುತ್ತವೆ. ಗುರುತ್ವ ಕೇಂದ್ರ ಮತ್ತು ಅಂತಃಕೇಂದ್ರಗಳು ಮಾತ್ರ ಎಂದಿಗೂ ಹೊರಗೆ ಹೋಗುವುದಿಲ್ಲ.

ಒಂದೇ ಸಾಲಿನಲ್ಲಿ ಮೂರು ಕೇಂದ್ರಗಳು

ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1765ರಲ್ಲಿ ಒಂದು ಅಚ್ಚರಿಯ ಸಂಬಂಧವನ್ನು ತೋರಿಸಿಕೊಟ್ಟನು. ಲಂಬಕೇಂದ್ರ, ಗುರುತ್ವ ಕೇಂದ್ರ ಮತ್ತು ಪರಿಕೇಂದ್ರಗಳು ಯಾವಾಗಲೂ ಒಂದೇ ಸರಳರೇಖೆಯ ಮೇಲಿರುತ್ತವೆ. ಅಷ್ಟೇ ಅಲ್ಲದೆ, ಗುರುತ್ವ ಕೇಂದ್ರದಿಂದ ಲಂಬಕೇಂದ್ರಕ್ಕಿರುವ ದೂರ ಪರಿಕೇಂದ್ರಕ್ಕಿರುವ ದೂರದ ಎರಡರಷ್ಟು. ಇದಕ್ಕೆ ಆಯ್ಲರ್ ರೇಖೆ ಎಂದು ಹೆಸರಾಗಿದೆ. ಸಮಬಾಹು ತ್ರಿಭುಜದಲ್ಲಿ ಮಾತ್ರ ಎಲ್ಲ ಕೇಂದ್ರಗಳೂ ಒಂದೇ ಬಿಂದುವಿನಲ್ಲಿ ಸೇರುವುದರಿಂದ ರೇಖೆಯ ಪ್ರಶ್ನೆಯೇ ಬರುವುದಿಲ್ಲ.

ಇದರಿಂದ ಒಂದು ಪ್ರಯೋಜನವುಂಟು. ಲಂಬಕೇಂದ್ರಕ್ಕೆ ಪರಿಕೇಂದ್ರದ ಎರಡರಷ್ಟನ್ನು ಕೂಡಿಸಿದರೆ ಮೂರು ಶೃಂಗಗಳ ಮೊತ್ತ ಬರಬೇಕು. ಎಕ್ಸ್ ಬೆಲೆಗಳಲ್ಲಿ 5 + 14 = 19; ವೈ ಬೆಲೆಗಳಲ್ಲಿ 15/4 + 33/4 = 12. ಶೃಂಗಗಳ ಮೊತ್ತವೂ (19, 12). ಲೆಕ್ಕದಲ್ಲಿ ಎಲ್ಲಿಯಾದರೂ ತಪ್ಪಿದ್ದರೆ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಎರಡು ಕೇಂದ್ರಗಳು ತಿಳಿದಿದ್ದರೆ ಮೂರನೆಯದನ್ನು ಬೇರೆ ಲೆಕ್ಕವಿಲ್ಲದೆ ಪಡೆಯಬಹುದು.

ಅಂತಃಕೇಂದ್ರ ಸಾಮಾನ್ಯವಾಗಿ ಈ ಸಾಲಿನಲ್ಲಿರುವುದಿಲ್ಲ. ಆದರೆ ಅದಕ್ಕೂ ಒಂದು ನಂಟಿದೆ. ಲಂಬಕೇಂದ್ರ ಮತ್ತು ಪರಿಕೇಂದ್ರಗಳ ಮಧ್ಯಬಿಂದುವನ್ನು ಕೇಂದ್ರವಾಗಿಟ್ಟು, ಪರಿವೃತ್ತದ ಅರ್ಧ ತ್ರಿಜ್ಯದಿಂದ ಎಳೆದ ವೃತ್ತ ಮೂರು ಬಾಹುಗಳ ಮಧ್ಯಬಿಂದುಗಳು ಮತ್ತು ಮೂರು ಲಂಬಪಾದಗಳೂ ಸೇರಿದಂತೆ ಒಂಬತ್ತು ವಿಶೇಷ ಬಿಂದುಗಳ ಮೂಲಕ ಹಾಯುತ್ತದೆ. ಈ ನವಬಿಂದು ವೃತ್ತವು ಒಳವೃತ್ತವನ್ನು ಸ್ಪರ್ಶಿಸುತ್ತದೆ ಎಂಬುದನ್ನು ಜರ್ಮನಿಯ ಕಾರ್ಲ್ ಫಾಯರ್‌ಬಾಖ್ 1822ರಲ್ಲಿ ಪ್ರಕಟಿಸಿದನು. ಲೀಲಾವತಿಯ ತ್ರಿಭುಜದಲ್ಲಿ ಇದರ ಕೇಂದ್ರ (6, 63/16), ತ್ರಿಜ್ಯ 65/16. ಅಂತಃಕೇಂದ್ರ (6, 4) ಇದಕ್ಕಿಂತ 1/16ರಷ್ಟು ಮೇಲಿದೆ. ಎರಡು ವೃತ್ತಗಳ ತ್ರಿಜ್ಯಗಳ ವ್ಯತ್ಯಾಸವೂ 65/16 – 4, ಅಂದರೆ 1/16. ಕೇಂದ್ರಗಳ ನಡುವಿನ ದೂರ ತ್ರಿಜ್ಯಗಳ ವ್ಯತ್ಯಾಸಕ್ಕೆ ಸಮನಾಗಿರುವುದರಿಂದ ಒಂದು ವೃತ್ತ ಇನ್ನೊಂದನ್ನು ಒಳಗಿನಿಂದ ಮುಟ್ಟುತ್ತದೆ.

ಕರ್ನಾಟಕದ ಭೂಪಟದ ಮೇಲೆ

ಇದೇ ಲೆಕ್ಕವನ್ನು ಆರಂಭದಲ್ಲಿ ಹೇಳಿದ ಮೂರು ನಗರಗಳಿಗೆ ಅನ್ವಯಿಸಬಹುದು. ಅಕ್ಷಾಂಶ, ರೇಖಾಂಶಗಳು ಕೂಡ ಒಂದು ಬಗೆಯ ನಿರ್ದೇಶಾಂಕಗಳೇ. ಆದರೆ ಅವುಗಳನ್ನು ಮೊದಲು ಕಿ.ಮೀ.ಗೆ ಪರಿವರ್ತಿಸಿಕೊಳ್ಳಬೇಕು. ರಾಜ್ಯದ ನಡುಭಾಗದಲ್ಲಿ ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 110.7 ಕಿ.ಮೀ.; ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 107.8 ಕಿ.ಮೀ. ಮಂಗಳೂರನ್ನು ಮೂಲಬಿಂದುವಾಗಿಟ್ಟು ಪೂರ್ವಕ್ಕೆ ಎಕ್ಸ್ ಅಕ್ಷವನ್ನೂ ಉತ್ತರಕ್ಕೆ ವೈ ಅಕ್ಷವನ್ನೂ ಎಳೆದರೆ ಬೆಂಗಳೂರು ಸುಮಾರು (296, 11), ಕಲಬುರಗಿ ಸುಮಾರು (214, 494) ಆಗುತ್ತವೆ. ಭೂಮಿಯ ವಕ್ರತೆಯನ್ನು ಇಲ್ಲಿ ಕಡೆಗಣಿಸಲಾಗಿದೆ.

ಗುರುತ್ವ ಕೇಂದ್ರ (170, 168). ಈ ಸ್ಥಳ ಚಿತ್ರದುರ್ಗ ನಗರದಿಂದ ಉತ್ತರಕ್ಕೆ 20 ಕಿ.ಮೀ. ಒಳಗೇ ಇದೆ. ಪರಿಕೇಂದ್ರ (140, 233). ಇದು ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿಯ ಆಸುಪಾಸಿನಲ್ಲಿದ್ದು, ಮೂರು ನಗರಗಳಿಗೂ ನೇರ ರೇಖೆಯಲ್ಲಿ ಸುಮಾರು 272 ಕಿ.ಮೀ. ದೂರದಲ್ಲಿದೆ. ಅಂತಃಕೇಂದ್ರ (168, 115) ಹಿರಿಯೂರು ಮತ್ತು ಹೊಸದುರ್ಗಗಳ ನಡುವೆ, ವಾಣಿವಿಲಾಸ ಸಾಗರದ ಸಮೀಪಕ್ಕೆ ಬರುತ್ತದೆ. ಲಂಬಕೇಂದ್ರ (231, 39) ತುಮಕೂರಿನ ನೈಋತ್ಯಕ್ಕೆ, ಗುಬ್ಬಿಯ ಕಡೆಗೆ ಬೀಳುತ್ತದೆ. ತುಮಕೂರಿನ ಬದಿಯ ಬಿಂದುವಿನಿಂದ ಚಿತ್ರದುರ್ಗದ ಬಿಂದುವಿಗೆ ಸುಮಾರು 143 ಕಿ.ಮೀ., ಅಲ್ಲಿಂದ ಹಗರಿಬೊಮ್ಮನಹಳ್ಳಿಯ ಬಿಂದುವಿಗೆ ಸುಮಾರು 72 ಕಿ.ಮೀ. ಆಯ್ಲರ್ ಹೇಳಿದ 2:1 ಅನುಪಾತ ಇಲ್ಲಿಯೂ ಕಾಣುತ್ತದೆ.

ಸಮದೂರವೆಂದರೆ ಸಮೀಪವಲ್ಲ

ಕೇಂದ್ರಗಳ ಈ ಭೇದ ಪರೀಕ್ಷೆಯ ಅಂಕಗಳಿಗೆ ಮಾತ್ರ ಸೀಮಿತವಾದುದಲ್ಲ. ಮೂರು ಊರುಗಳಿಗೆ ಸೇರಿ ಒಂದು ಆಸ್ಪತ್ರೆ ಅಥವಾ ಶಾಲೆ ಬೇಕಾದಾಗ ‘ಮೂವರಿಗೂ ಸಮವಾಗಿರಲಿ’ ಎಂಬ ಮಾತು ಸಹಜವಾಗಿ ಕೇಳಿಬರುತ್ತದೆ. ಅದನ್ನು ಅಕ್ಷರಶಃ ಪಾಲಿಸಿದರೆ ಏನಾಗುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ.

ಮೂರು ಊರುಗಳು (0, 0), (10, 0) ಮತ್ತು (5, 1) ಬಿಂದುಗಳಲ್ಲಿವೆ ಎಂದಿಟ್ಟುಕೊಳ್ಳಬಹುದು; ಅಳತೆ ಕಿ.ಮೀ.ಗಳಲ್ಲಿದೆ. ಅಂದರೆ ಅವು ಬಹುಮಟ್ಟಿಗೆ ಒಂದೇ ಹೆದ್ದಾರಿಯ ಗುಂಟ ಇವೆ. ಮೂರಕ್ಕೂ ಸಮದೂರದಲ್ಲಿರುವ ಪರಿಕೇಂದ್ರ (5, –12). ಪ್ರತಿ ಊರಿನಿಂದ ಅಲ್ಲಿಗೆ ಸರಿಯಾಗಿ 13 ಕಿ.ಮೀ. ಆ ಊರುಗಳ ನಡುವಿನ ಅತಿ ಹೆಚ್ಚಿನ ದೂರವೇ 10 ಕಿ.ಮೀ. ಇರುವಾಗ ಆಸ್ಪತ್ರೆ ಎಲ್ಲರಿಗೂ 13 ಕಿ.ಮೀ. ದೂರವಾಗುತ್ತದೆ. ಸಮಾನತೆ ಸಿಕ್ಕಿತು, ಅನುಕೂಲ ತಪ್ಪಿತು.

ಅತಿ ದೂರದ ಊರಿನವರಿಗೂ ಪ್ರಯಾಣ ಆದಷ್ಟು ಕಡಿಮೆಯಾಗಬೇಕು ಎಂಬುದು ಉದ್ದೇಶವಾದರೆ, ಇಂತಹ ವಿಶಾಲಕೋನ ತ್ರಿಭುಜದಲ್ಲಿ ಅತಿ ಉದ್ದದ ಬಾಹುವಿನ ಮಧ್ಯಬಿಂದು (5, 0) ಸರಿಯಾದ ಸ್ಥಳ. ಅಲ್ಲಿಂದ ಯಾವ ಊರೂ 5 ಕಿ.ಮೀ.ಗಿಂತ ದೂರವಿಲ್ಲ. ತ್ರಿಭುಜದ ಮೂರೂ ಕೋನಗಳು ಲಘುಕೋನಗಳಾಗಿದ್ದರೆ ಮಾತ್ರ ಈ ಉದ್ದೇಶಕ್ಕೆ ಪರಿಕೇಂದ್ರ ಹೊಂದುತ್ತದೆ.

ಮೂರು ದೂರಗಳ ಒಟ್ಟು ಮೊತ್ತ ಕನಿಷ್ಠವಾಗಬೇಕಾದರೆ ಬೇರೊಂದು ಬಿಂದುವನ್ನೇ ಹುಡುಕಬೇಕು. ಹದಿನೇಳನೆಯ ಶತಮಾನದಲ್ಲಿ ಪಿಯರ್ ದ ಫರ್ಮಾ ಎತ್ತಿದ ಈ ಪ್ರಶ್ನೆಗೆ ಇಟಲಿಯ ಟೊರಿಚೆಲ್ಲಿ ಉತ್ತರ ಕೊಟ್ಟನು. ಯಾವ ಬಿಂದುವಿನಿಂದ ನೋಡಿದಾಗ ಪ್ರತಿ ಬಾಹುವೂ 120 ಡಿಗ್ರಿ ಕೋನದಲ್ಲಿ ಕಾಣುತ್ತದೆಯೋ ಅದೇ ಆ ಬಿಂದು. ತ್ರಿಭುಜದ ಒಂದು ಕೋನವೇ 120 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಶೃಂಗವೇ ಉತ್ತರ. ಮೇಲಿನ ಉದಾಹರಣೆಯಲ್ಲಿ ನಡುವಿನ ಊರಾದ (5, 1) ಬಿಂದುವಿನಲ್ಲೇ ಆಸ್ಪತ್ರೆ ಕಟ್ಟಿದರೆ ಒಟ್ಟು ದೂರ ಸುಮಾರು 10.2 ಕಿ.ಮೀ.; ಗುರುತ್ವ ಕೇಂದ್ರದಲ್ಲಾದರೆ ಸುಮಾರು 10.7 ಕಿ.ಮೀ.; ಪರಿಕೇಂದ್ರದಲ್ಲಾದರೆ 39 ಕಿ.ಮೀ. ಗುರುತ್ವ ಕೇಂದ್ರವು ಕನಿಷ್ಠಗೊಳಿಸುವುದು ದೂರಗಳ ಮೊತ್ತವನ್ನಲ್ಲ, ದೂರಗಳ ವರ್ಗಗಳ ಮೊತ್ತವನ್ನು.

ಊರುಗಳ ಜನಸಂಖ್ಯೆ ಬೇರೆ ಬೇರೆಯಾಗಿದ್ದರೆ ಜನಸಂಖ್ಯೆಯನ್ನೇ ತೂಕವಾಗಿಟ್ಟು ಸರಾಸರಿ ತೆಗೆಯಬಹುದು. ಅಂತಃಕೇಂದ್ರದ ಸೂತ್ರದಲ್ಲಿ ಬಾಹುಗಳು ವಹಿಸಿದ ಪಾತ್ರವನ್ನು ಆಗ ಜನಸಂಖ್ಯೆ ವಹಿಸುತ್ತದೆ. ರಸ್ತೆ, ನದಿ, ಬೆಟ್ಟಗಳ ಪರಿಗಣನೆ ಇದರ ನಂತರದ ಮಾತು.

ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶಗಳು

ಮೂರು ಶೃಂಗಗಳ ಸರಾಸರಿ ಸೂತ್ರ ಗುರುತ್ವ ಕೇಂದ್ರಕ್ಕೆ ಮಾತ್ರ ಅನ್ವಯಿಸುತ್ತದೆ. ನೆನಪಿಡಲು ಸುಲಭವಾದುದರಿಂದ ಅದನ್ನು ಇತರ ಕೇಂದ್ರಗಳಿಗೂ ಬಳಸುವುದು ಸಾಮಾನ್ಯವಾದ ತಪ್ಪು.

ಅಂತಃಕೇಂದ್ರದ ಲೆಕ್ಕದಲ್ಲಿ ಶೃಂಗಕ್ಕೆ ಪಕ್ಕದ ಬಾಹುವನ್ನಲ್ಲ, ಎದುರು ಬಾಹುವನ್ನು ಜೋಡಿಸಬೇಕು.

ನೆಟ್ಟಗಿರುವ ರೇಖೆಗೆ ಇಳಿಜಾರು ಎಂಬ ಸಂಖ್ಯೆಯೇ ಇಲ್ಲ. ಅಂತಹ ರೇಖೆಯನ್ನು ಎಕ್ಸ್ = 5 ಎಂಬ ರೂಪದಲ್ಲಿಯೇ ಬರೆಯಬೇಕು. ಗುಣಲಬ್ಧ –1 ಎಂಬ ನಿಯಮವನ್ನು ಅಲ್ಲಿ ಬಳಸುವಂತಿಲ್ಲ.

ಲೆಕ್ಕಕ್ಕೆ ಮೊದಲು ಮೂರು ಬಿಂದುಗಳು ಒಂದೇ ಸರಳರೇಖೆಯ ಮೇಲಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಒಂದೇ ರೇಖೆಯ ಮೇಲಿದ್ದರೆ ತ್ರಿಭುಜವೇ ಇರುವುದಿಲ್ಲ. ಲಂಬಾರ್ಧಕಗಳು ಸಮಾಂತರವಾಗಿ ಪರಿಕೇಂದ್ರವೂ ದೊರೆಯುವುದಿಲ್ಲ.

ಶೃಂಗವೊಂದನ್ನು ಮೂಲಬಿಂದುವಿಗೆ ಸರಿಸಿಕೊಂಡು, ಒಂದು ಬಾಹುವನ್ನು ಎಕ್ಸ್ ಅಕ್ಷದ ಮೇಲೆ ಇಟ್ಟುಕೊಂಡರೆ ಲೆಕ್ಕ ಬಹಳ ಹಗುರವಾಗುತ್ತದೆ. ಕೇಂದ್ರಗಳು ತ್ರಿಭುಜಕ್ಕೆ ಸೇರಿದವು. ಅಕ್ಷಗಳನ್ನು ಎಲ್ಲಿ ಎಳೆದರೂ ಅವು ತ್ರಿಭುಜದೊಳಗಿನ ತಮ್ಮ ಜಾಗವನ್ನು ಬದಲಿಸುವುದಿಲ್ಲ.

ಮುಗಿಯದ ಪಟ್ಟಿ

ಒಳವೃತ್ತ ಮತ್ತು ಪರಿವೃತ್ತಗಳ ರಚನೆ ಯೂಕ್ಲಿಡ್‌ನ ‘ಎಲಿಮೆಂಟ್ಸ್’ನ ನಾಲ್ಕನೆಯ ಭಾಗದಲ್ಲಿದೆ. ಅಲ್ಲಿಂದ ಇಲ್ಲಿಯವರೆಗೆ ತ್ರಿಭುಜದ ಕೇಂದ್ರಗಳ ಸಂಖ್ಯೆ ಬೆಳೆಯುತ್ತಲೇ ಬಂದಿದೆ. ಅಮೆರಿಕದ ಗಣಿತಜ್ಞ ಕ್ಲಾರ್ಕ್ ಕಿಂಬರ್ಲಿಂಗ್ ಆರಂಭಿಸಿದ ತ್ರಿಭುಜ ಕೇಂದ್ರಗಳ ವಿಶ್ವಕೋಶದಲ್ಲಿ ಹತ್ತಾರು ಸಾವಿರ ಕೇಂದ್ರಗಳು ಕ್ರಮಸಂಖ್ಯೆಯೊಂದಿಗೆ ದಾಖಲಾಗಿವೆ. ಆ ಪಟ್ಟಿಯ ಮೊದಲ ಸ್ಥಾನ ಅಂತಃಕೇಂದ್ರಕ್ಕೆ, ಎರಡನೆಯದು ಗುರುತ್ವ ಕೇಂದ್ರಕ್ಕೆ, ಮೂರನೆಯದು ಪರಿಕೇಂದ್ರಕ್ಕೆ, ನಾಲ್ಕನೆಯದು ಲಂಬಕೇಂದ್ರಕ್ಕೆ ಸಂದಿದೆ. ಐದನೆಯದು ನವಬಿಂದು ವೃತ್ತದ ಕೇಂದ್ರ.

ಇಷ್ಟೊಂದು ಕೇಂದ್ರಗಳಲ್ಲಿ ಯಾವುದು ‘ನಿಜವಾದ’ ಕೇಂದ್ರ ಎಂಬ ಪ್ರಶ್ನೆಗೆ ಅರ್ಥವಿಲ್ಲ. ತೂಕದ ಸಮತೋಲ ಬೇಕೆ, ಊರುಗಳಿಗೆ ಸಮದೂರ ಬೇಕೆ, ರಸ್ತೆಗಳಿಗೆ ಸಮದೂರ ಬೇಕೆ, ಒಟ್ಟು ಪ್ರಯಾಣ ಕಡಿಮೆಯಾಗಬೇಕೆ ಎಂಬುದನ್ನು ಮೊದಲು ನಿರ್ಧರಿಸಬೇಕು. ಆ ನಿರ್ಧಾರ ಮನುಷ್ಯರದು. ಅದಾದ ಮೇಲೆ ಬಿಂದುವನ್ನು ತೋರಿಸಿಕೊಡಲು ಮೂರು ಜೊತೆ ಸಂಖ್ಯೆಗಳು ಸಾಕು.